ರತ್ನಮ್ಮನ ಹಪ್ಪಳಕ್ಕೆ ಡಾಟ್ ಇನ್

ನಾನು ಹತ್ತನೇ ತರಗತಿ ಪಾಸು ಮಾಡಿದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಅದೂ ಯಾರ ಸಹಾಯವೂ ಇಲ್ಲದೆ. ಹೀಗಿರುವಾಗ ಇಂಟರ್‌ನೆಟ್ಟಿನಲ್ಲಿ ಒಂದು ಹೆಸರು ನೋಂದಾಯಿಸುವುದಕ್ಕೆ ಇನ್ನೊಬ್ಬರನ್ನು ಕೇಳುವುದೇ?

ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ರತ್ನ ಹಪ್ಪಳ ಮಾಡಿ ಮಾರುತ್ತಾಳೆ. ಮನೆ ಓನರ್ ಸಿದ್ದಲಿಂಗಪ್ಪನವರ ಮಗಳ ಮದುವೆ ನಿಶ್ಚಯವಾಗಿತ್ತು.

"ಬೀಗರು ದೊಡ್ಡ ಜನ ಕಣಯ್ಯ. ಎಲ್ಲಾ ವೆಬ್‌ಸೈಟ್ ಇರೋರ ಹತ್ರಾನೇ ತರ್ಸಿ ಅಂತಾರೆ. ನಿಂದೊಂದು ಇದ್ರೆ ಹಪ್ಪಳದ ಆರ್ಡರ್ ನಿಮಗೇ" ಎಂದಿದ್ದರು.

ಮನೆಯ ಕಂಪ್ಯೂಟರಿನಲ್ಲಿ ವೆಬ್‌ಸೈಟಿನ ಹೆಸರು ಮಾರುವ ಪುಟ ತೆರೆದು, ಒಂದೇ ಬೆರಳಿನಲ್ಲಿ 'ಹಪ್ಪಳ' ಎಂದು ಕುಟ್ಟಿದೆ. ಆ ಹೆಸರನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು. 'ರತ್ನಮ್ಮನಹಪ್ಪಳ' ಎಂದು ಹಾಕಿ, ಕೊನೆಗೆ ಡಾಟ್ ಇನ್ ಸೇರಿಸಿದೆ. ಖಾಲಿ ಇತ್ತು! ರಾಹುಕಾಲ ಮುಗಿಯಲೆಂದು ಒಂದೂವರೆ ಗಂಟೆ ಮೌಸ್ ಹಿಡಿದು ಕೂತಿದ್ದು, ಆಮೇಲೆ ಹಣ ಕಟ್ಟಿದೆ. 'ಅಭಿನಂದನೆಗಳು, ಈ ಹೆಸರು ನಿಮ್ಮದು' ಎಂದು ಇ-ಮೇಲ್ ಬಂತು. ಅದನ್ನು ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ದೇವರ ಫೋಟೋಗಳ ಪಕ್ಕ ನೇತುಹಾಕಿದೆ.

ಅಂಗಡಿ ತೆರೆದ ಮೇಲೆ ಪೂಜೆ ಬೇಡವೇ? ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ ಮಾವಿನ ತೋರಣ ಕಟ್ಟಿ, ಬೀದಿಯವರನ್ನೆಲ್ಲ ಕರೆದೆ. ಮಾನಿಟರಿನ ಹಣೆಗೆ ಕುಂಕುಮ ಇಟ್ಟೆ. ಸಿದ್ದಲಿಂಗಪ್ಪನವರು ತಮ್ಮ ಅಮೃತಹಸ್ತದಿಂದ ಎಂಟರ್ ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪರದೆ ಬೆಳ್ಳಗಾಯಿತು. ನಡುವೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ಹೆಸರು ನೋಂದಣಿಯಾಗಿದೆ, ಇಲ್ಲಿ ಇನ್ನೂ ಏನೂ ಇಲ್ಲ.

"ಹಪ್ಪಳ ಎಲ್ಲಯ್ಯಾ?" ಎಂದರು ಓನರ್.

"ಬರ್ತವೆ ಸಾರ್. ನೆಟ್ ಸ್ವಲ್ಪ ಸ್ಲೋ."

ಹತ್ತು ನಿಮಿಷ ಕಾದರು. ಬ್ಯಾಂಕಿನಿಂದ ನಿವೃತ್ತರಾದ ಎದುರುಮನೆ ಶಾರದಮ್ಮ ಕನ್ನಡಕ ಏರಿಸಿ ಹತ್ತಿರ ಬಂದರು.

"ಮಂಜಣ್ಣ, ನೀವು ತಗೊಂಡಿರೋದು ಬರೀ ಹೆಸರು ಕಣ್ರೀ. ಬೋರ್ಡ್ ಇದ್ದಂಗೆ. ಅಂಗಡಿಗೆ ಬೇರೆ ಜಾಗ ಬಾಡಿಗೆಗೆ ತಗೋಬೇಕು, ಪೇಜ್ ಮಾಡಿಸ್ಬೇಕು. ಹೆಸರೂ ಒಂದೇ ವರ್ಷಕ್ಕೆ, ಆಮೇಲೆ ರಿನ್ಯೂ ಮಾಡ್ತಾ ಇರ್ಬೇಕು."

"ಅಂದ್ರೆ ಅಂಗಡೀನೇ ಇಲ್ದೆ ಬೋರ್ಡಿಗೆ ಪೂಜೆ ಮಾಡಿಸ್ಬಿಟ್ರಾ?" ಎಂದು ಕೇಳಿದ ರತ್ನ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಎಣ್ಣೆ ಕಾಯಿಸಿದಳು.

ಮೂರನೇ ಹಪ್ಪಳ ಮುರಿಯುತ್ತಾ ಸಿದ್ದಲಿಂಗಪ್ಪನವರು ಅವಳಿಗೆ ಹೇಳಿದರು: "ಬೀಗ್ರಿಗೆ ನಾನೇ ಹೇಳ್ಕೊತೀನಿ ಬಿಡಮ್ಮ. ಆರ್ಡರ್ ನಿಂದೇ. ನಿನ್ ಯಜಮಾನ್ರನ್ನ ಮಾತ್ರ ಕಂಪ್ಯೂಟರ್ ಹತ್ರ ಬಿಡ್ಬೇಡ."

ಆದರೂ ನನಗೆ ಹೆಮ್ಮೆಯೇ. ಇನ್ನೊಂದು ವರ್ಷ ಈ ಭೂಮಂಡಲದಲ್ಲಿ ಬೇರೆ ಯಾರಿಗೂ ಆ ಹೆಸರು ಸಿಗುವುದಿಲ್ಲ.

ಇದುವರೆಗೆ ಯಾರೂ ಕೇಳಿಯೂ ಇಲ್ಲ.