ಬೊರಿವಲಿ ಬಾಸ್‌ಗೆ ನಾನು ಕೊಟ್ಟ ಉತ್ತರ

ಎದುರಿಗೆ ನಿಂತವರ ಜೊತೆ ವಾದ ಮಾಡಿ ಗೆದ್ದ ನೆನಪು ನನಗೆ ಒಂದೂ ಇಲ್ಲ. ವಾದಕ್ಕೆ ಬೇಕಾದ ಸಿಟ್ಟು ನನ್ನಲ್ಲಿ ಧಾರಾಳವಾಗಿದೆ. ಮಾತು ಮಾತ್ರ ಹೊತ್ತಿಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ. ಪರೇಲಿನ ಆಫೀಸಿನಿಂದ ಘಾಟ್ಕೋಪರಿಗೆ ಬರುವ ಸಂಜೆಯ ಲೋಕಲ್‌ನಲ್ಲಿ ನಮ್ಮದೊಂದು ಗುಂಪಿತ್ತು. ಕೂರಲು ಜಾಗ ಸಿಗಲಿ ಬಿಡಲಿ, ದಾದರ್ ದಾಟುವುದರೊಳಗೆ ಜಗಳ ಶುರುವಾಗಲೇಬೇಕು. ಹೆಲಿಕಾಪ್ಟರಿನಿಂದ ಜಿಗಿದದ್ದು ಹೀರೋನೋ ಡೂಪೋ, ಯಾವ ವಿಸಿಆರ್ ಬಾಳಿಕೆ ಬರುತ್ತದೆ, ಕಂಪ್ಯೂಟರ್ ಬಂದರೆ ನಮ್ಮ ಕೆಲಸ ಹೋಗುತ್ತದೋ ಉಳಿಯುತ್ತದೋ, ಎಲ್ಲಕ್ಕೂ ಎರಡೆರಡು ಪಕ್ಷ. ಕುರ್ಲಾದ ಹತ್ತಿರ ಯಾರಾದರೂ ನನ್ನ ಮಾತಿಗೆ ಹೋ ಎಂದು ನಕ್ಕರೆ, ಅದಕ್ಕೆ ತಕ್ಕ ಉತ್ತರ ನನಗೆ ಹೊಳೆಯುವುದು ಘಾಟ್ಕೋಪರಿನಲ್ಲಿ ಸೇತುವೆ ಇಳಿದು ತರಕಾರಿಯವನ ಮುಂದೆ ನಿಂತಾಗ. ಎಂಥ ಉತ್ತರ ಅಂತೀರಿ! ಕೇಳಿದವನು ಒಂದು ವಾರ ತಲೆ ಎತ್ತಬಾರದು, ಅಂಥದ್ದು. ತಡೆಯಲಾರದೆ ಒಮ್ಮೆ ಅದನ್ನು ತರಕಾರಿಯವನಿಗೇ ಹೇಳಿಬಿಟ್ಟೆ. ಅವನು ಪೂರ್ತಿ ಕೇಳಿಸಿಕೊಂಡು, "ವೋ ಸಬ್ ಠೀಕ್ ಹೈ ಸಾಬ್, ಭೇಂಡಿ ಲೇನಾ ಹೈ ಕ್ಯಾ?" ಎಂದು ಬೆಂಡೆಕಾಯಿಯ ರಾಶಿ ತೋರಿಸಿದ.

ಹೀಗಿರುವಾಗ, ತಡವಾಗಿ ಉತ್ತರ ಹೊಳೆಯುವವರಿಗೆಂದೇ ದೇವರು ಕಳಿಸಿದಂಥ ಒಂದು ಸೌಕರ್ಯ ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಕೈಗೆ ಸಿಕ್ಕಿತು. ನನ್ನ ನೌಕರಿ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ. ಲ್ಯಾಮಿಂಗ್ಟನ್ ರೋಡಿನ ಗಲ್ಲಿಯೊಂದರಲ್ಲಿ ಬಿಡಿಭಾಗ ಕೂಡಿಸಿ ಮಾಡಿಸಿಕೊಂಡ ಕಂಪ್ಯೂಟರ್ ಮನೆಯಲ್ಲೂ ಇತ್ತು. ಅದರ ಜೊತೆಗೆ ಗೆಳೆಯನೊಬ್ಬ ವಿದೇಶದಿಂದ ತಂದು, ಬೇಜಾರಾಗಿ ನನಗೆ ದಾಟಿಸಿದ ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ. ಇದನ್ನು ಫೋನಿನ ತಂತಿಗೆ ಸಿಕ್ಕಿಸಿದರೆ ಕಂಪ್ಯೂಟರು ಇನ್ನೊಂದು ಕಂಪ್ಯೂಟರಿಗೆ ಫೋನ್ ಮಾಡುತ್ತದೆ. ಫೋರ್ಟ್ ಕಡೆಯ ಯಾರೋ ಉತ್ಸಾಹಿ ತನ್ನ ಮನೆಯಲ್ಲೇ 'ಬೋರ್ಡ್' ಒಂದನ್ನು ನಡೆಸುತ್ತಿದ್ದ. ಅವನ ನಂಬರಿಗೆ ಡಯಲ್ ಮಾಡಿದರೆ, ಬೇರೆಯವರು ಇಂಗ್ಲಿಷಿನಲ್ಲಿ ಬರೆದಿಟ್ಟದ್ದನ್ನು ನಮ್ಮ ಪರದೆಯ ಮೇಲೆ ಓದಬಹುದು, ನಮ್ಮ ಮಾತನ್ನೂ ಬರೆದು ಬಿಟ್ಟು ಬರಬಹುದು. ಆದರೆ ಅವನಿಗಿದ್ದದ್ದು ಒಂದೇ ಲೈನು. ಒಬ್ಬ ಒಳಗೆ ಹೊಕ್ಕನೆಂದರೆ ಉಳಿದವರೆಲ್ಲ ಹೊರಗೆ ಎಂಗೇಜ್ ಟೋನ್ ಕೇಳುತ್ತಾ ಚಡಪಡಿಸಬೇಕು. ಚಾಳ್‌ನಲ್ಲಿ ಬೆಳಗಿನ ಹೊತ್ತು ಕಕ್ಕಸಿನ ಮುಂದೆ ಡಬ್ಬ ಹಿಡಿದು ಕ್ಯೂ ನಿಂತವರ ಅವಸ್ಥೆಯೇ ನಮ್ಮದು.

ಬೋರ್ಡಿನಲ್ಲಿ ಯಾರೂ ತಮ್ಮ ನಿಜವಾದ ಹೆಸರು ಹಾಕುತ್ತಿರಲಿಲ್ಲ. ನಾನು 'ಪ್ರೊಫೆಸರ್' ಎಂದು ಇಟ್ಟುಕೊಂಡಿದ್ದೆ. ಜೀವಮಾನದಲ್ಲಿ ಒಬ್ಬರಿಗೂ ಪಾಠ ಹೇಳಿದವನಲ್ಲ, ಆದರೆ ಹೆಸರಿಡುವಾಗ ಕಂಜೂಸುತನ ಯಾಕೆ? ನನ್ನ ಪರಮ ವೈರಿಯ ಹೆಸರು 'ಬೊರಿವಲಿ ಬಾಸ್'. ಬೊರಿವಲಿಯಲ್ಲಿದ್ದಾನೆ ಎಂಬುದನ್ನು ಬಿಟ್ಟರೆ ಅವನು ಗುಂಡಗಿದ್ದಾನೋ ಸಣ್ಣಗಿದ್ದಾನೋ, ಮುದುಕನೋ ಹುಡುಗನೋ, ಒಂದೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ನಾನು ಹೌದೆಂದರೆ ಅವನು ಅಲ್ಲ ಎನ್ನುತ್ತಾನೆ. ಮೌಸ್ ಬಂದಿರುವುದು ಒಳ್ಳೆಯದೆಂದು ನಾನು ಬರೆದರೆ, ಟೈಪ್ ಮಾಡಲು ಬಾರದವರ ಕೈಗೆ ಕೊಟ್ಟ ಗಿಲಕಿ ಅದು ಎಂದು ಅವನು. ಆ ವರ್ಷ ಊರಿಗೆಲ್ಲ ಹುಚ್ಚು ಹಿಡಿಸಿದ್ದ ಸಿನಿಮಾದಲ್ಲಿ ಎದೆಗೆ ಗುಂಡು ಬಿದ್ದ ಹೀರೋ ಅಷ್ಟುದ್ದ ಡೈಲಾಗ್ ಹೊಡೆದದ್ದು ಅತಿಯಾಯಿತು ಎಂದು ನಾನು ಬರೆದರೆ, "ಪ್ರೊಫೆಸರ್, ನಿಮಗೆ ಎಂದಾದರೂ ಗುಂಡು ಬಿದ್ದಿದೆಯೇ?" ಎಂದು ಅವನು. ಇದಕ್ಕೇನು ಹೇಳುತ್ತೀರಿ? ನಾನು ಊಟ ಬಿಟ್ಟು ಯೋಚಿಸುತ್ತಿದ್ದೆ. ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ಉತ್ತರ ಹೊಳೆದು, ಮನೆಗೆ ಹೋಗಿ ಡಯಲ್ ಮಾಡುವವರೆಗೆ ಕುರ್ಚಿಯೆಲ್ಲ ಮುಳ್ಳಾಗುತ್ತಿತ್ತು.

ಮನೆಗೆ ಬಂದರೆ ಫೋನು ನನ್ನೊಬ್ಬನದಲ್ಲ. ಅರ್ಜಿ ಹಾಕಿ, ಕಾದು ಕಾದು, ಕೂದಲು ನರೆಯತೊಡಗಿದ ಮೇಲೆ ಬಂದ ಫೋನು ಅದು. ನಮ್ಮ ಬಿಲ್ಡಿಂಗಿಗೆಲ್ಲ ಒಂದೇ. ಬಂದ ವಾರದಲ್ಲೇ ಅಕ್ಕಪಕ್ಕದವರೆಲ್ಲ ನಮ್ಮ ನಂಬರನ್ನು ಪಿ.ಪಿ. ನಂಬರ್ ಎಂದು ತಮ್ಮ ನೆಂಟರಿಷ್ಟರಿಗೆಲ್ಲ ಕೊಟ್ಟುಬಿಟ್ಟರು. ಯಾರದ್ದಾದರೂ ಫೋನ್ ಬಂದರೆ ನನ್ನ ಹೆಂಡತಿ ವಿಮಲಾ ಮೆಟ್ಟಿಲ ಬಳಿ ನಿಂತು ಕೂಗಬೇಕು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಬಿಲ್ಡಿಂಗಿನ ಹುಟ್ಟು, ಸಾವು, ನಿಶ್ಚಿತಾರ್ಥ, ನೌಕರಿ ಎಲ್ಲ ಮೊದಲು ಗೊತ್ತಾಗುವುದು ಅವಳಿಗೆ. ನನ್ನ ಮೋಡೆಮ್ ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ರೀ, ಆ ಡಬ್ಬಿ ಚೀರ್ತಾ ಇದ್ರೆ ಯಾರ ಫೋನೂ ಬರಲ್ಲ. ನಾಲ್ಕು ಜನ ನಮ್ಮನ್ನ ನಂಬಿಕೊಂಡಿದ್ದಾರೆ, ಜ್ಞಾಪಕ ಇರಲಿ" ಎನ್ನುತ್ತಿದ್ದಳು.

ಹಾಗೆ ನಂಬಿಕೊಂಡವರಲ್ಲಿ ಕೆಳಗಿನ ಮಹಡಿಯ ಸುಧಾಕರ ಶೆಟ್ಟರೂ ಒಬ್ಬರು. ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಂಡತಿ ಬಸುರಿ. ಹಿಂದೆ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಹೆರಿಗೆಗೆ ಕಾರ್ಕಳದ ತವರಿಗೆ ಹೋಗಿದ್ದ ಆಕೆಗೆ ಬಿಪಿ ಜಾಸ್ತಿಯಾಗಿದೆ, ಆಪರೇಷನ್ ಆಗಬಹುದು ಎಂದು ಡಾಕ್ಟರು ಹೇಳಿದ್ದರು. ರಸ್ತೆ ಅಗೆದು ಹೋಟೆಲಿನ ಫೋನ್ ಡೆಡ್ಡಾಗಿತ್ತು. ಹಾಗಾಗಿ ಶೆಟ್ಟರು ದಿನಾ ಸಂಜೆ ಡ್ಯೂಟಿಯ ನಡುವೆ ಓಡಿಬಂದು ನಮ್ಮ ಸೋಫಾದ ತುದಿಯಲ್ಲಿ ಕೂರತೊಡಗಿದರು. "ಒಂದು ಫೋನ್ ಬರ್ಲಿಕ್ಕುಂಟು ಸಾರ್. ನಿಮಗೆ ತೊಂದ್ರೆ ಇಲ್ಲ ಅಲ್ವಾ?" ಎಂದು ಪ್ರತಿಸಲವೂ ಕೇಳುವರು. ತೊಂದರೆ ಎಂಥದು ಶೆಟ್ರೇ ಎಂದು ನಾನೂ ಪ್ರತಿಸಲ ಹೇಳುವೆ. ಆಮೇಲೆ ಇಬ್ಬರೂ ಒಂದೇ ಫೋನನ್ನು ದಿಟ್ಟಿಸುತ್ತಾ ಕೂರುವುದು. ಅವರಿಗೆ ಅದು ಯಾಕೆ ಹೊಡೆದುಕೊಳ್ಳುತ್ತಿಲ್ಲ ಎಂಬ ಸಂಕಟ, ನನಗೆ ಇವರು ಯಾವಾಗ ಏಳುತ್ತಾರೆ ಎಂಬ ಸಂಕಟ. ಅವರು ಕಾಲು ಅಲ್ಲಾಡಿಸಿದರೆ ನಾನೂ ಅಲ್ಲಾಡಿಸುವೆ. ವಿಮಲಾ ಕಾಫಿ ತಂದುಕೊಟ್ಟು, "ಅವರಿಗಿಂತ ನಿಮ್ಮದೇ ಜಾಸ್ತಿ ಆಯ್ತಲ್ಲ ತಳಮಳ" ಎಂದಳು. ಶೆಟ್ಟರು ಅದನ್ನು ಕೇಳಿ ಕರಗಿಹೋದರು. "ಸ್ವಂತ ಅಣ್ಣ ಕೂಡ ಇಷ್ಟು ತಲೆಬಿಸಿ ಮಾಡ್ಲಿಕ್ಕಿಲ್ಲ ಅಕ್ಕ" ಎಂದರು. ನಾನು ಕಾಫಿ ಲೋಟದಲ್ಲಿ ಮುಖ ಮರೆಸಿಕೊಂಡೆ.

ಆ ಹೊತ್ತಿಗೆ ಬೋರ್ಡಿನಲ್ಲಿ ಮಹಾಯುದ್ಧವೇ ನಡೆದಿತ್ತು. ಕಂಪ್ಯೂಟರಿನಿಂದ ಮನುಷ್ಯರು ಹತ್ತಿರವಾಗುತ್ತಾರೆ ಎಂದು ನಾನು ಎಲ್ಲೋ ಒಂದು ಸಾಲು ಬರೆದಿದ್ದೆ. ಬಾಸ್ ಅದನ್ನು ಹಿಡಿದುಕೊಂಡು ಜಗ್ಗತೊಡಗಿದ. "ಲೆಕ್ಕಪತ್ರಕ್ಕೆ ಕಂಪ್ಯೂಟರ್ ಸರಿ. ಒಳ್ಳೆಯ ಸುದ್ದಿ ಯಾವಾಗಲೂ ಬರುವುದು ಪಕ್ಕದ ಮನೆಯವರು ಬಂದು ಬಾಗಿಲು ಬಡಿದಾಗ. ನಿಮ್ಮ ಯಂತ್ರ ಬಾಗಿಲು ಬಡಿಯುತ್ತದೆಯೇ ಪ್ರೊಫೆಸರ್?" ಎಂದು ಬರೆದಿದ್ದ. ಅದರ ಕೆಳಗೆ ಬೇರೆ ನಾಲ್ಕಾರು ಜನ ಭಲೇ ಭಲೇ ಎಂದು ಹಾಕಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಶನಿವಾರ, ಆಫೀಸು ಅರ್ಧ ದಿನ. ಪರೇಲಿನಲ್ಲಿ ಗಾಡಿ ಹತ್ತುವಾಗಲೇ ನನಗೆ ಉತ್ತರ ಹೊಳೆದಿತ್ತು, ಅದೂ ಪ್ಯಾರಾ ಪ್ಯಾರಾ. ಮನೆಗೆ ಬಂದರೆ ವಿಮಲಾ ಮಾಟುಂಗಾದ ಮಾರ್ಕೆಟ್ಟಿಗೆ ಹೊರಟು ನಿಂತಿದ್ದಳು. ಶೆಟ್ಟರು ಸೋಫಾದ ತುದಿಯಲ್ಲಿದ್ದರು. ಬೆಳಿಗ್ಗೆಯೇ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂದಿತ್ತಂತೆ. ಮುಖದಲ್ಲಿ ರಕ್ತವಿರಲಿಲ್ಲ. "ಶನಿವಾರ ಸಾರ್, ಹೋಟೆಲಲ್ಲಿ ರಶ್ಶು. ಧಣಿಗಳು ಬಿಡುದಿಲ್ಲ. ಭಾವ ಎಸ್‌ಟಿಡಿ ಬೂತಿಂದ ಫೋನ್ ಮಾಡ್ತಾನೆ. ಬಂದ ಕೂಡ್ಲೇ ಯಾರನ್ನಾದ್ರೂ ಹೋಟೆಲಿಗೆ ಓಡಿಸಿ, ಆಯ್ತಾ?" ಎಂದರು. ನೀವು ನಿಶ್ಚಿಂತೆಯಿಂದ ಹೋಗಿ ಎಂದೆ. ವಿಮಲಾ ಚೀಲ ಹಿಡಿದು ಬಾಗಿಲಲ್ಲಿ ನಿಂತವಳು ನನ್ನನ್ನೇ ನೋಡಿ, "ಆ ಡಬ್ಬಿ ಮುಟ್ಟಬೇಡಿ" ಎಂದಳು. ಛೆ, ನನಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಅವಳ ಮೇಲೆ ರೇಗಿದೆ.

ಇಬ್ಬರೂ ಹೋದರು. ಮನೆಯಲ್ಲಿ ನಾನು ಮತ್ತು ಫೋನು. ಪೇಪರ್ ತೆರೆದೆ, ಮಡಿಸಿದೆ. ಫ್ಯಾನ್ ಜೋರು ಮಾಡಿದೆ, ಸಣ್ಣ ಮಾಡಿದೆ. ಉತ್ತರದ ಮೊದಲ ಪ್ಯಾರಾ ಆಗಲೇ ಮರೆತುಹೋಗುತ್ತಿದೆ ಅನ್ನಿಸಿತು. ಹೆರಿಗೆಯೆಂದರೆ ಏನು ಅಷ್ಟು ಬೇಗ ಆಗುವಂಥದ್ದೇ? ಆಸ್ಪತ್ರೆಗೆ ಸೇರಿಸಿದ್ದೇ ಬೆಳಿಗ್ಗೆ. ಐದೇ ನಿಮಿಷ ಎಂದುಕೊಂಡು ಒಳಗಿನ ಕೋಣೆಗೆ ಹೋಗಿ ಡಯಲ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಒಳಗಿರುವವನು ಬಾಸ್‌ನೇ ಇರಬೇಕು, ನನ್ನ ಬಗ್ಗೆಯೇ ಏನೋ ಬರೆಯುತ್ತಿರಬೇಕು ಎಂಬ ಅನುಮಾನ ಬಂದದ್ದೇ ತಡ, ನನ್ನ ಬೆರಳು ನನ್ನ ಮಾತು ಕೇಳಲಿಲ್ಲ. ಡಯಲ್ ಮಾಡುತ್ತಲೇ ಹೋದೆ. ಹೀಗೆ ನಾನು ಡಯಲ್ ಮಾಡುವಷ್ಟು ಹೊತ್ತೂ ನಮ್ಮ ಲೈನೂ ಎಂಗೇಜೇ ಎಂಬುದು ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಹೊಳೆಯಲಿಲ್ಲ. ಕಿಟಕಿಯ ಬಿಸಿಲು ಗೋಡೆ ಹತ್ತಿ ಮರೆಯಾಗುವ ಹೊತ್ತಿಗೆ ಮೋಡೆಮ್ ಕೀಂಯ್ ಎಂದು ಚೀರಿ ಒಳಗೆ ಬಿಟ್ಟುಕೊಂಡಿತು.

ಆಹಾ, ಏನು ಬರೆದೆ ಅಂತೀರಿ! "ಬಾಸ್ ಅವರೇ, ಒಂದು ದಿನ ಬರುತ್ತದೆ. ದೂರದ ಸಣ್ಣ ಊರಿನಲ್ಲಿ ಒಂದು ಮಗು ಹುಟ್ಟಿದರೆ, ಮುಂಬಯಿಯಲ್ಲಿರುವ ಅದರ ತಂದೆಗೆ ಕಣ್ಣು ಮಿಟುಕಿಸುವುದರೊಳಗೆ ಸುದ್ದಿ ತಲುಪುತ್ತದೆ. ಆ ಕೆಲಸ ಮಾಡುವುದು ಇದೇ ತಂತಿ, ಇದೇ ಯಂತ್ರ..." ಬರೆದದ್ದನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಉದಾಹರಣೆ ಎಲ್ಲಿಂದ ಬಂತೆಂದು ಯೋಚಿಸುವ ವ್ಯವಧಾನವೂ ಇರಲಿಲ್ಲ. ಕೊನೆಯ ಸಾಲಿಗೆ ಬಂದಿದ್ದೆ. ಅಷ್ಟರಲ್ಲಿ ಹೊರಗೆ ಹಾಲ್‌ನಲ್ಲಿ "ಅಯ್ಯೋ ದೇವರೇ!" ಎಂದು ಯಾರೋ ಕೂಗಿದರು. ನನ್ನ ಪರದೆಯ ಮೇಲೆ ಕಸಕಡ್ಡಿಯಂಥ ಅಕ್ಷರಗಳು ಸುರಿದು, ಸಂಪರ್ಕ ಕಡಿದು, ಎಲ್ಲ ಮಂಗಮಾಯ.

ಎದ್ದು ಓಡಿಬಂದರೆ ಶೆಟ್ಟರು. ಕೌಂಟರಿನಲ್ಲಿ ಕೂರಲಾರದೆ ಬಂದು, ತೆರೆದ ಬಾಗಿಲಿನಿಂದ ಒಳಬಂದು, ಫೋನಿಗೆ ಜೀವ ಇದೆಯೋ ಇಲ್ಲವೋ ಎಂದು ಅದೇ ತಂತಿಯಲ್ಲಿದ್ದ ಹಾಲ್‌ನ ರಿಸೀವರ್ ಎತ್ತಿದ್ದಾರೆ. ಕಿವಿಗೆ ಮೋಡೆಮ್‌ನ ಚೀರಾಟ ಬಡಿದಿದೆ. "ಸಾರ್, ಇದರೊಳಗೆ ಎಂತದೋ ಕೂಗ್ತಾ ಉಂಟು!" ಎಂದು ರಿಸೀವರನ್ನು ನನ್ನತ್ತ ಚಾಚಿದರು. ಆ ಕ್ಷಣದಲ್ಲಿ ನಾನು ಅವರಿಗೆ ಏನು ಹೇಳಬೇಕಿತ್ತು? ಹೇಳಿದ್ದು ಇದು: "ಏನ್ರೀ ಶೆಟ್ರೇ, ಕೇಳಿ ಎತ್ತಬಾರದಾ? ಬರೆದದ್ದೆಲ್ಲ ಹೋಯ್ತಲ್ರೀ!" ಪಾಪ, ಅವರು ರಿಸೀವರನ್ನು ಮೆಲ್ಲಗೆ ಇಟ್ಟು, "ತಪ್ಪಾಯ್ತು ಸಾರ್. ಆಫೀಸಿನ ಕೆಲಸವಾ? ನಂಗೆ ಗೊತ್ತಾಗ್ಲಿಲ್ಲ" ಎಂದರು.

ಅವರು ಕೆಳಗಿಟ್ಟ ಮರುಗಳಿಗೆಯೇ ಫೋನು ಹೊಡೆದುಕೊಂಡಿತು. ಶೆಟ್ಟರು ನನ್ನ ಮುಖ ನೋಡಿದರು, ಎತ್ತಲು ಅಪ್ಪಣೆ ಕೇಳುವವರಂತೆ. ನಾನು ತಲೆ ಅಲ್ಲಾಡಿಸಿದೆ. ತುಳುವಿನಲ್ಲಿ ಏನೋ ಎರಡು ಮಾತಾಡಿದವರು ಹಾಗೇ ನೆಲಕ್ಕೆ ಕುಕ್ಕರಿಸಿ, ರಿಸೀವರನ್ನು ಎದೆಗೆ ಒತ್ತಿಕೊಂಡು ಗಳಗಳ ಅತ್ತುಬಿಟ್ಟರು. ಈ ಸಲವೂ ಮಗು ಹೋಯಿತೆಂದೇ ನಾನು ತಿಳಿದೆ. ಆಮೇಲೆ ಮುಖವೆತ್ತಿ, "ಹೆಣ್ಣು ಮಗು ಸಾರ್. ಇಬ್ಬರೂ ಚೆಂದ ಇದ್ದಾರಂತೆ. ಮಧ್ಯಾಹ್ನವೇ ಆಗಿದೆಯಂತೆ!" ಎಂದರು. ವಿಮಲಾ ಅದೇ ಹೊತ್ತಿಗೆ ಚೀಲ ಹಿಡಿದು ಒಳಗೆ ಬಂದಳು. "ಭಾವ ಆವಾಗಿಂದ ಬೂತಲ್ಲೇ ನಿಂತಿದ್ದಾನೆ ಅಕ್ಕ. ಎಷ್ಟು ಮಾಡಿದ್ರೂ ಎಂಗೇಜಂತೆ. ಆ ಎಸ್‌ಟಿಡಿಯವರ ಲೈನೇ ಸರಿ ಇಲ್ಲ ಮಾರಾಯ್ರೆ!" ಎಂದು ಶೆಟ್ಟರು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ವಿಮಲಾ ಒಳಗಿನ ಕೋಣೆಯಲ್ಲಿ ಇನ್ನೂ ಮಿನುಗುತ್ತಿದ್ದ ಮೋಡೆಮ್‌ನ ಕೆಂಪು ದೀಪ ನೋಡಿದಳು, ನನ್ನನ್ನು ನೋಡಿದಳು, "ಹೌದು, ಲೈನೇ ಸರಿ ಇಲ್ಲ" ಎಂದು ಸಕ್ಕರೆ ತರಲು ಅಡುಗೆಮನೆಗೆ ಹೋದಳು. ಮಧ್ಯಾಹ್ನದಿಂದ ಸಂಜೆಯವರೆಗೆ ಆ ಮನುಷ್ಯ ತಂದೆಯಾಗಿದ್ದೂ, ಅದು ಗೊತ್ತಿಲ್ಲದೆ, ಹೆದರಿಕೊಂಡು ಇಡ್ಲಿ ವಡೆಯ ಟೋಕನ್ ಕೊಡುತ್ತಾ ಕೂತಿದ್ದ. ನನಗೆ ನಾಚಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಆಯಿತು.

ಆದರೆ ನಾಚಿಕೆಯೂ ನನಗೆ ಒಂದು ರಾತ್ರಿ ದಾಟುವುದಿಲ್ಲ ನೋಡಿ. ಭಾನುವಾರ ಬೆಳಿಗ್ಗೆ ವಿಮಲಾ ಸ್ನಾನಕ್ಕೆ ಹೋದಾಗ ಬೋರ್ಡ್ ಒಂದೇ ಸಲಕ್ಕೆ ಸಿಕ್ಕಿತು. "ನಿನ್ನೆ ನನ್ನ ಮನೆಯಲ್ಲೇ ನಡೆದದ್ದು" ಎಂದು ಶುರುಮಾಡಿ ಕಾರ್ಕಳ, ಎಸ್‌ಟಿಡಿ ಬೂತು, ಹೆಣ್ಣು ಮಗು, ತಂದೆಯ ಆನಂದಬಾಷ್ಪ ಎಲ್ಲವನ್ನೂ ಬರೆದೆ. ಎಂಗೇಜಿನ ವಿಷಯ ಬರೆಯಲಿಲ್ಲ. ಉದ್ದವಾಗುತ್ತದೆ ಎಂದು ಬಿಟ್ಟೆ. ಊಟದ ಹೊತ್ತಿಗೆ ಮತ್ತೆ ನೋಡಿದರೆ ಬಾಸ್‌ನ ಉತ್ತರ ಬಂದಿತ್ತು. "ಪ್ರೊಫೆಸರ್, ಓದಿ ನನ್ನ ಕಣ್ಣು ತುಂಬಿತು. ಒಪ್ಪಿದೆ. ನೀವು ಗೆದ್ದಿರಿ. ಆ ತಂದೆಗೆ ನನ್ನ ಶುಭಾಶಯ ತಿಳಿಸಿ."

ಕುಣಿಯಬೇಕು ಅನ್ನಿಸಿತು. ಹಾಲ್‌ಗೆ ಬಂದರೆ, ಊರಿನ ಬಸ್ಸಿಗೆ ಹೊರಟ ಶೆಟ್ಟರು ಬ್ಯಾಗ್ ಹಿಡಿದು ಹೇಳಿಹೋಗಲು ಬಂದಿದ್ದರು. "ಎಂತ ಸಾರ್, ಭಾರೀ ಖುಷಿಯಲ್ಲಿದ್ದೀರಿ?" ಎಂದರು. "ಮಗು ಹುಟ್ಟಿದ್ದಕ್ಕೆ ಶೆಟ್ರೇ" ಎಂದೆ. ಅವರು ಬ್ಯಾಗ್ ಕೆಳಗಿಟ್ಟು, ಬೇಡ ಬೇಡವೆಂದರೂ ಬಗ್ಗಿ ನನ್ನ ಕಾಲು ಮುಟ್ಟಿದರು. ವಿಮಲಾ ಪಕ್ಕದಲ್ಲಿ ನಿಂತು, "ಆಶೀರ್ವಾದ ಮಾಡ್ರೀ" ಎಂದಳು. ಮಾಡಿದೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋಗಿ ಬೋರ್ಡಿಗೆ ಡಯಲ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ವಿಮಲಾ ಬಾಗಿಲಿಗೆ ಬಂದು, "ಮತ್ತೆ ಶುರುವಾಯ್ತಾ?" ಎಂದಳು.

"ಒಂದು ನಿಜ ಹೇಳೋದಿದೆ ಕಣೆ. ಹೇಳಿ ಮುಗಿಸಿಬಿಡ್ತೀನಿ."

"ಯಾರಿಗೆ?"

"ಬೊರಿವಲಿಯವನಿಗೆ."

"ನಿಜ ಹೇಳೋದಾದ್ರೆ ಶೆಟ್ಟರು ಇನ್ನೂ ಕೆಳಗೆ ಗೇಟಿನ ಹತ್ರ ರಿಕ್ಷಾಕ್ಕೆ ಕಾಯ್ತಾ ಇದ್ದಾರೆ" ಎಂದಳು ವಿಮಲಾ.

ಕಿಟಕಿಯಿಂದ ಬಗ್ಗಿ ನೋಡಿದೆ. ಶೆಟ್ಟರು ಬ್ಯಾಗ್ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಮುಖವರಳಿಸಿ ಕೈ ಬೀಸಿದರು. ನಾನೂ ಬೀಸಿದೆ. ರಿಕ್ಷಾ ಬಂದು ಅವರು ಹತ್ತಿ ಹೋಗುವವರೆಗೂ ಬೀಸುತ್ತಲೇ ಇದ್ದು, ಆಮೇಲೆ ಬಂದು ಮತ್ತೆ ಡಯಲ್ ಮಾಡಿದೆ.