ಎಳೆದರೂ ಬಾರದ ಚಿತ್ರ

ಎಂಟು ವರ್ಷಗಳಿಂದ ಅಕ್ಷರಣ್ಣ ಎಳೆಯುತ್ತಲೇ ಬಂದಿದ್ದ. ಬರುವುದಿಲ್ಲ ಎಂದು ಒಂದು ದಿನವಾದರೂ ಯಾವ ಚಿತ್ರವೂ ಹಠ ಹಿಡಿದಿರಲಿಲ್ಲ.

ಹಿತ್ತಾಳೆಯ ನಾಮಫಲಕ ಕೊರೆಯುವ ಅಂಗಡಿಯಲ್ಲಿ ಅವನಿಗೆ ಕೆಲಸ. ಅಕ್ಷರ ಕೊರೆಯುವವನಾದ್ದರಿಂದ ಬೀದಿಗೆಲ್ಲ ಅವನು ಅಕ್ಷರಣ್ಣ. ಗಿರಾಕಿಗಳು ತಮ್ಮ ಹೆಸರಿನ ಚಿತ್ರವನ್ನು ಮೇಲ್ ಮಾಡುತ್ತಾರೆ. ಹಾಗೆ ಬಂದ ಫೈಲನ್ನು ಮೌಸಿನಿಂದ ಹಿಡಿದು, ಪಕ್ಕದಲ್ಲಿ ತೆರೆದಿಟ್ಟ ಕೊರೆಯುವ ಪ್ರೋಗ್ರಾಮಿನ ಬಿಳಿ ಹಾಳೆಯ ಮೇಲೆ ತಂದು ಬಿಟ್ಟರೆ ಮುಗಿಯಿತು. ಹಸಿರು ಗುಂಡಿ ಒತ್ತಿದರೆ ಉಳಿದದ್ದೆಲ್ಲ ಯಂತ್ರದ ಪಾಲು. ಫೈಲನ್ನು ಮೇಲ್‌ನಲ್ಲೇ ತೆರೆದು ನೋಡುವ ಪದ್ಧತಿ ಆ ಅಂಗಡಿಯಲ್ಲಿರಲಿಲ್ಲ. ಹಿಂದೊಮ್ಮೆ ಹಾಗೆ ತೆರೆದು ವೈರಸ್ ಹೊಕ್ಕು, ಕಂಪ್ಯೂಟರು ಹದಿನೈದು ದಿನ ಹಾಸಿಗೆ ಹಿಡಿದಿತ್ತು. ಅಂದಿನಿಂದ ಯಜಮಾನರದು ಒಂದೇ ಮಂತ್ರ: "ಬಂದಿದ್ದನ್ನ ತೆರೀಬಾರದು. ಎಳೀಬೇಕು, ಬಿಡಬೇಕು, ಕೊರೀಬೇಕು."

ಆ ಬೆಳಗ್ಗೆ ಬಂದದ್ದು ಮಾವನ ಮೇಲು.

ಮಾವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೆಣ್ಣು ಕೇಳಲು ಹೋದ ದಿನ "ಹುಡುಗ ಏನು ಮಾಡ್ಕೊಂಡಿದ್ದಾನೆ?" ಎಂದು ಕೇಳಿದ್ದರು. "ಬೋರ್ಡು ಕೊರೀತಾನೆ" ಎಂದಾಗ "ಹೂಂ" ಎಂದಿದ್ದರು. ಏಳು ವರ್ಷವಾದರೂ ಆ ಹೂಂ ಅಕ್ಷರಣ್ಣನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡೇ ಇತ್ತು. ಈಗ ಮಾವ ಹೊಸ ಮನೆಗೆ ಬಂದಿದ್ದರು. ಸಂಜೆ ಐದಕ್ಕೆ ಅವರ ಜೊತೆಗೆ ಪಾಠ ಮಾಡಿದ ಮೇಷ್ಟ್ರುಗಳೆಲ್ಲ ಮನೆ ನೋಡಲು ಬರುವವರಿದ್ದರು. ಅಷ್ಟರಲ್ಲಿ ಬಾಗಿಲ ಮೇಲೆ ಅಳಿಯನ ಕೈಯ ಫಲಕ ಹೊಳೆಯುತ್ತಿದ್ದರೆ! ಹಿಂದಿನ ರಾತ್ರಿ ಹೆಂಡತಿಯೂ ಹೇಳಿದ್ದಳು: "ಇದೊಂದು ಸರಿಯಾಗಿ ಮಾಡಿಕೊಟ್ಬಿಡಿ, ರೀ. ಅಪ್ಪನ ಬಾಯಲ್ಲಿ ಒಂದು ಶಹಭಾಷ್ ಬರಲಿ."

ಮೇಲಿನಲ್ಲಿ ಮಾತು ಮೂರೇ. ಮಾವ ಒಂದೇ ಬೆರಳಿನಿಂದ, ಹೊಲದಲ್ಲಿ ಕಾಳು ಹೆಕ್ಕುವಂತೆ ಟೈಪು ಮಾಡುವವರು. "ಅಳಿಯಂದಿರೇ, ಇದರಲ್ಲಿದೆ. ನೋಡಿ. ಐದರೊಳಗೆ ಆಗಬೇಕು." ಕೆಳಗೆ ಒಂದು ಫೈಲು.

ಅಕ್ಷರಣ್ಣ ಮನಸ್ಸಿನಲ್ಲೇ ದೇವರನ್ನು ನೆನೆದು, ಫೈಲನ್ನು ಹಿಡಿದು ಎಳೆದ. ಬಿಳಿ ಹಾಳೆಯ ಅಂಚು ಮುಟ್ಟುತ್ತಲೇ ಬಾಣದ ಪಕ್ಕದಲ್ಲಿ ಅಡ್ಡಗೆರೆ ಎಳೆದ ಸಣ್ಣದೊಂದು ವೃತ್ತ ಮೂಡಿತು, ಒಳಗೆ ಪ್ರವೇಶವಿಲ್ಲ ಎಂಬಂತೆ. ಕೈಬಿಟ್ಟ. ಫೈಲು ರಬ್ಬರಿನ ದಾರ ಕಟ್ಟಿದ ಚೆಂಡಿನ ಹಾಗೆ ಹಿಂದಕ್ಕೆ ಹಾರಿ ಮೇಲಿನೊಳಗೆ ಕೂತಿತು. ಮತ್ತೆ ಎಳೆದ. ಮತ್ತೆ ಹಾರಿತು. ಮೆಲ್ಲಗೆ ಎಳೆದ, ರಭಸದಿಂದ ಎಳೆದ, ಬೇರೆಲ್ಲೋ ನೋಡುತ್ತ ಗೊತ್ತಿಲ್ಲದವನಂತೆಯೂ ಎಳೆದ. ಮೇಲ್ ಪ್ರೋಗ್ರಾಮು ಹಿಂದಿನ ರಾತ್ರಿಯಷ್ಟೇ ತಾನಾಗಿ ಹೊಸ ವೇಷ ಹಾಕಿಕೊಂಡಿತ್ತು. ವೇಷದ ಜೊತೆ ಬುದ್ಧಿಯೂ ಬದಲಾದದ್ದು ಈಗ ತಿಳಿಯಿತು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. "ಮಾವ" ಎಂದು ಮಿನುಗಿತು. ಆಯಿತೇ ಎಂದು ಕೇಳಿದರೆ ಏನು ಹೇಳುವುದು? ಅಕ್ಷರಣ್ಣ ಫೋನನ್ನು ಕವುಚಿ ಹಾಕಿ, ಅದರ ಮೇಲೊಂದು ಒರೆಸುವ ಬಟ್ಟೆ ಹೊದಿಸಿದ.

ಎದುರಂಗಡಿಯ ಕೀಲಿಯಣ್ಣನಿಗೆ ಬೇರೆಯವರ ಕಷ್ಟದ ವಾಸನೆ ಬೇಗ ಬಡಿಯುತ್ತದೆ. ಬೀಗ ರಿಪೇರಿಯ ಅರವನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದ.

"ಏನಪ್ಪಾ, ಮೌಸಿಗೆ ಜ್ವರ ಬಂದಿದೆಯಾ? ಆಗಿಂದ ಉಜ್ತಾ ಇದ್ದೀಯ!"

"ಮಾವನ ಚಿತ್ರ ಬರ್ತಿಲ್ಲ, ಕೀಲಿಯಣ್ಣ. ಎಳೆದ್ರೆ ವಾಪಸ್ ಓಡ್ತದೆ."

"ಹೆಣ್ಣು ಕೊಟ್ಟವರ ಕಡೆಯದು, ಸುಮ್ನೆ ಬರುತ್ತಾ? ಬಿಡು ಇಲ್ಲಿ. ಬೀಗ ಎಷ್ಟೇ ಹಳೇದಿರಲಿ, ಒಂದು ಚೂರು ಅಲ್ಲಾಡಿಸಿ ತಿರುಗಿಸಿದ್ರೆ ತೆರೀಲೇಬೇಕು."

ಕೀಲಿಯಣ್ಣ ಎರಡೂ ಕೈಯಲ್ಲಿ ಮೌಸನ್ನು ಹಿಡಿದು, ಉಸಿರು ಬಿಗಿಹಿಡಿದು, ಗಡಗಡ ಅಲ್ಲಾಡಿಸುತ್ತ ಎಳೆದ. ಪರದೆಯ ಮೇಲೆ ಏನೋ ಜಾರಿತು, ಏನೋ ಮುಚ್ಚಿತು. ನೋಡಿದರೆ ಫೈಲಿನ ಜೊತೆಗೆ ಮಾವನ ಮೇಲ್ ಕೂಡ ಮಾಯ.

"ಎಲ್ಲಿ ಹೋಯ್ತು?"

"ಹೋಯ್ತಲ್ಲ, ಜಾಗ ಬಿಟ್ಟು ಕದಲಿತು ತಾನೇ? ನಾನು ಅಷ್ಟಕ್ಕೆ ಮಾತ್ರ ಜವಾಬ್ದಾರ."

ಮಾವ ಕಸದ ಬುಟ್ಟಿಯಲ್ಲಿ ಸಿಕ್ಕರು. ಹಳೆಯ ಜಾಹೀರಾತುಗಳ ನಡುವಿನಿಂದ ಅವರನ್ನು ಎತ್ತಿ ಸ್ವಸ್ಥಾನಕ್ಕೆ ತಂದು ಕೂರಿಸುವಷ್ಟರಲ್ಲಿ ಗಂಟೆ ಹನ್ನೆರಡಾಗಿತ್ತು. ಬಟ್ಟೆಯ ಕೆಳಗೆ ಫೋನು ಎರಡನೆಯ ಸಲ ಗುನುಗಿತು.

ಗಲಾಟೆ ಕೇಳಿ ಯಜಮಾನರು ಒಳಕೋಣೆಯಿಂದ ಬಂದರು. ಅವರಿಗೆ ಕಂಪ್ಯೂಟರು ಬಾರದು. ಆದರೆ ಯಜಮಾನರಾದ್ದರಿಂದ ಗೊತ್ತಿರಲೇಬೇಕಿತ್ತು.

"ಎಳೆಯೋದು ಯಾಕೆ? ಕಾಪಿ ಮಾಡು, ಅಲ್ಲಿ ಹೋಗಿ ಪೇಸ್ಟ್ ಮಾಡು. ನನ್ನ ಮೊಮ್ಮಗಳು ಹೋಂವರ್ಕ್ ಎಲ್ಲ ಹಾಗೇ ಮಾಡೋದು."

ಅಕ್ಷರಣ್ಣ ಕಾಪಿ ಮಾಡಿದ, ಪೇಸ್ಟ್ ಮಾಡಿದ. ಬಿಳಿ ಹಾಳೆಯ ನಟ್ಟನಡುವೆ ಏನೋ ಮೂಡಿತು.

"ಬಂತು, ಬಂತು!" ಎಂದವರೇ ಯಜಮಾನರು ಸಂಭ್ರಮದಲ್ಲಿ ಹಸಿರು ಗುಂಡಿಯನ್ನು ತಾವೇ ಒತ್ತಿಬಿಟ್ಟರು.

"ಅಯ್ಯೋ, ತಡೀರಿ ಸಾರ್..."

ಯಂತ್ರ ತಡೆಯುವ ಜಾತಿಯದಲ್ಲ. ಜೇನಿನಂತೆ ಝೇಂಕರಿಸುತ್ತ, ಹೊಳೆಯುವ ಹೊಸ ಹಿತ್ತಾಳೆಯ ತಗಡಿನ ಮೇಲೆ ದಪ್ಪ ಅಕ್ಷರಗಳಲ್ಲಿ ನೀಟಾಗಿ ಕೊರೆಯಿತು. ಮೂವರೂ ಬಗ್ಗಿ ನೋಡಿದರು. ಬಂದದ್ದು ಚಿತ್ರವಲ್ಲ, ಚಿತ್ರದ ಫೈಲಿನ ಹೆಸರು ಮಾತ್ರ: ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ನಾಲ್ಕು ಸಾವಿರದ ನಾನೂರ ಎಪ್ಪತ್ತೊಂದು ಎಂಬ ಸಂಖ್ಯೆ.

"ಇದು ಬಾಗಿಲಿಗಿಂತ ಜೈಲಿನ ಅಂಗಿಗೆ ಚೆನ್ನಾಗಿರುತ್ತೆ," ಎಂದ ಕೀಲಿಯಣ್ಣ.

ಆ ಅಳತೆಯ ತಗಡು ಇನ್ನು ಒಂದೇ ಉಳಿದಿತ್ತು. ಯಜಮಾನರು ಕೆಮ್ಮಿದರು. "ಕಂಪ್ಯೂಟರು ಬಿಸಿಯಾಗಿದೆ. ಒಂದು ಸಲ ಆಫ್ ಮಾಡಿ ಆನ್ ಮಾಡು, ಎಲ್ಲ ಸರಿಹೋಗುತ್ತೆ."

ಆಫ್ ಮಾಡಿದ. ಆನ್ ಮಾಡಿದ. ನೀಲಿ ಪರದೆಯ ಮೇಲೆ ಅಕ್ಷರ ಬಂತು: ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರನ್ನು ಆರಿಸಬೇಡಿ, ಶೇಕಡಾ ಮೂರು. ಗಾಯದ ಮೇಲೆ ಬರೆ ಎಂದರೆ ಇದೇ. ಮೂರು ಏಳಾಗಲು ಅರ್ಧ ಗಂಟೆ ಹಿಡಿಯಿತು. ಹೆರಿಗೆ ಕೋಣೆಯ ಮುಂದೆ ಕಾಯುವವರಂತೆ ಮೂವರೂ ಸ್ಟೂಲಿನ ಮೇಲೆ ಸಾಲಾಗಿ ಕೂತರು. ಊಟದ ಡಬ್ಬಿ ತೆರೆದರು, ತಿಂದರು, ತೊಳೆದರು. ಶೇಕಡಾ ಹನ್ನೊಂದು. ಮಾವ ಮೂರನೆಯ ಸಲ ಫೋನು ಮಾಡಿದರು. ಅಕ್ಷರಣ್ಣ ಬಟ್ಟೆಯನ್ನು ಮಡಿಚಿ ಎರಡು ಪದರ ಮಾಡಿದ.

ನಾಲ್ಕು ಗಂಟೆಗೆ ಕಂಪ್ಯೂಟರು ಕಣ್ಣು ತೆರೆಯಿತು. ಅಕ್ಷರಣ್ಣ ಫೈಲನ್ನು ಎಳೆದ. ಅಡ್ಡಗೆರೆಯ ವೃತ್ತ ಅಲ್ಲೇ ಕಾಯುತ್ತಿತ್ತು. ಅವನು ಎರಡೂ ಕೈ ತಲೆಯ ಮೇಲೆ ಹೊತ್ತು ಕೂತ.

ಆಗ ಬಂದವಳು ಪಕ್ಕದಂಗಡಿಯ ಟೈಲರಮ್ಮ. ಕುತ್ತಿಗೆಗೆ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಬೆಳಗಿನಿಂದ ಗೋಡೆಯಾಚೆಗೆ ಎಲ್ಲ ಕೇಳಿಸಿಕೊಂಡಿದ್ದಳು. ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡು ಹೇಳಿದಳು:

"ನನಗೆ ಇದೆಲ್ಲ ತಿಳಿಯಲ್ಲಪ್ಪ. ಆದ್ರೆ ಒಂದು ಮಾತು. ಗಿರಾಕಿ ಕೈಯಿಂದ ಬಟ್ಟೆ ಕಿತ್ಕೊಂಡು ನೇರ ಮಿಷನ್ನಿಗೆ ಕೊಡ್ತೀನಾ ನಾನು? ಮೊದಲು ಮೇಜಿನ ಮೇಲೆ ಹಾಸ್ತೀನಿ. ಆಮೇಲೆ ಮೇಜಿಂದ ಮಿಷನ್ನಿಗೆ. ನಿನ್ನ ಕಂಪ್ಯೂಟರಲ್ಲಿ ಮೇಜು ಇಲ್ವಾ?"

ಅಕ್ಷರಣ್ಣ ತಲೆಯೆತ್ತಿದ. "ಇದೆ ಅಕ್ಕಾ. ಡೆಸ್ಕ್‌ಟಾಪು."

"ಮತ್ತೆ? ಅಲ್ಲಿ ಇಳಿಸು."

ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದ. ಸೇವ್ ಎಂಬ ಮಾತು ಎಂಟು ವರ್ಷಗಳಿಂದಲೂ ಅಲ್ಲೇ ನಿಂತಿತ್ತು, ಯಾರೂ ಮಾತಾಡಿಸದ ನೆಂಟನ ಹಾಗೆ. ಒತ್ತಿದ. ಟಪ್ಪೆಂದು ಫೈಲು ಡೆಸ್ಕ್‌ಟಾಪಿಗೆ ಇಳಿಯಿತು. ಆಮೇಲೆ ಕೊರೆಯುವ ಪ್ರೋಗ್ರಾಮಿನ ಮೆನುವಿಗೆ ಹೋಗಿ, ಡೆಸ್ಕ್‌ಟಾಪಿನಲ್ಲಿರುವ ಆ ಫೈಲನ್ನು ತೋರಿಸಿ, ತಾ ಎಂದ. ಪ್ರೋಗ್ರಾಮು ತಕರಾರಿಲ್ಲದೆ ತಂದಿತು.

"ಟೈಲರಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ!"

"ಕಾಲು ಬೇಡ, ನನ್ನ ಕತ್ತರಿ ಮೇಲೆ ಹೆಸರು ಕೊರೆದುಕೊಡು. ದಿನಾ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ."

ಯಜಮಾನರು ಕೊನೆಯ ತಗಡನ್ನು ತಾವೇ ಒರೆಸಿ ಯಂತ್ರದಲ್ಲಿ ಕೂರಿಸಿದರು. ಗಂಟೆ ನಾಲ್ಕೂವರೆ. ಕೊರೆಯಲು ಹತ್ತು ನಿಮಿಷ, ಸ್ಕೂಟರಿನಲ್ಲಿ ಹದಿನೈದು. ಅಕ್ಷರಣ್ಣನ ಎದೆ ಹಗುರಾಯಿತು. ಬಾಗಿಲ ಮುಂದೆ ನಿಂತ ಮೇಷ್ಟ್ರುಗಳ ಗುಂಪೂ, ನಡುವೆ ಮೀಸೆ ತೀಡುತ್ತ "ನಮ್ಮ ಅಳಿಯಂದಿರ ಕೈಕೆಲಸ" ಎನ್ನುವ ಮಾವನೂ ಅವನ ಕಣ್ಣಿಗೆ ಕಟ್ಟಿದರು.

ದೊಡ್ಡ ಫೈಲು, ಹಳೆಯ ಕಂಪ್ಯೂಟರು. ಚಿತ್ರ ಮೇಲಿನಿಂದ ಕೆಳಕ್ಕೆ, ಪರದೆ ಸರಿಸಿದಂತೆ ನಿಧಾನವಾಗಿ ಕಾಣತೊಡಗಿತು. ನಾಲ್ಕು ತಲೆಗಳು ಒಂದಕ್ಕೊಂದು ಒತ್ತಿಕೊಂಡು ನೋಡಿದವು.

ಕಂಡದ್ದು ಇನ್ನೊಂದು ಕಂಪ್ಯೂಟರು. ಮಾವ ತಮ್ಮ ಮನೆಯ ಕಂಪ್ಯೂಟರಿನ ಪರದೆಯನ್ನು ಫೋನಿನಲ್ಲಿ ಫೋಟೋ ಹೊಡೆದಿದ್ದರು. ಎಡಕ್ಕೆ ಒಂದು ಮೇಲು, ಅದರ ಕೆಳಗೆ ಒಂದು ಫೈಲು. ಬಲಕ್ಕೆ ಒಂದು ಬಿಳಿ ಹಾಳೆ. ನಡುವೆ ಬಾಣ, ಬಾಣದ ಪಕ್ಕದಲ್ಲಿ ಅಡ್ಡಗೆರೆ ಎಳೆದ ಸಣ್ಣ ವೃತ್ತ. ಪರದೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿ ಡ್ರಾಯಿಂಗ್ ಮೇಷ್ಟ್ರ ಮುತ್ತಿನಂಥ ಅಕ್ಷರ:

"ಅಳಿಯಂದಿರೇ, ಫೋಟೋ ಸ್ಟುಡಿಯೋದವರು ನನ್ನ ಹೆಸರಿನ ಚಿತ್ರವನ್ನು ಮೇಲ್ ಮಾಡಿದ್ದಾರೆ. ಅದರ ಕೆಳಗೆ ಮನೆ ನಂಬರು ಸೇರಿಸೋಣವೆಂದರೆ ಎಷ್ಟು ಎಳೆದರೂ ಹಾಳೆಗೆ ಬರುತ್ತಿಲ್ಲ. ದಿನವೂ ಇದೇ ಕೆಲಸ ಮಾಡುವವರು ನೀವು. ಉಪಾಯ ಏನೆಂದು ಕೂಡಲೇ ತಿಳಿಸಿ."

ಕೀಲಿಯಣ್ಣ ಅರವನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿದ.

ಆದರೆ ಅಕ್ಷರಣ್ಣ ಧೈರ್ಯಗೆಡಲಿಲ್ಲ. ಈಗ ಉಪಾಯ ಗೊತ್ತಿತ್ತಲ್ಲ! ಫೋನಿನ ಹೊದಿಕೆ ಕಿತ್ತೆಸೆದು ನಂಬರು ಒತ್ತಿದ. ಒಂದೇ ಉಸಿರಿಗೆ ಹೇಳಿದ: "ಮಾವ, ಎಳೀಬೇಡಿ! ಮೊದಲು ಡೆಸ್ಕ್‌ಟಾಪಿಗೆ ಸೇವ್ ಮಾಡಿ. ಆಮೇಲೆ ಹಾಳೆಯ ಮೆನುವಿಂದ ಅದನ್ನ ಒಳಗೆ ತಗೊಳ್ಳಿ. ತಕ್ಷಣ ನನಗೆ ಮೇಲ್ ಮಾಡಿ. ಇನ್ನೂ ಟೈಮ್ ಇದೆ!"

ಆ ಕಡೆ ಜನರ ನಗು, ಕಪ್ಪುಬಸಿಗಳ ಸದ್ದು. ಮಾವನ ದನಿ ಎಂದಿಗಿಂತಲೂ ಪ್ರಸನ್ನವಾಗಿತ್ತು.

"ಓ, ಅದಾ? ಮಧ್ಯಾಹ್ನವೇ ಆಯ್ತು ಅಳಿಯಂದಿರೇ. ಮೇಲಿನ ಮನೆಯ ಅಜ್ಜಿ ಬಂದು ಒಂದು ನಿಮಿಷದಲ್ಲಿ ತೋರಿಸಿಕೊಟ್ರು. ನಿಮಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪಾಪ, ಉಪಾಯ ಗೊತ್ತಿಲ್ಲದೆ ಸಂಕೋಚ ಪಟ್ಕೊಂಡಿದ್ದಾರೆ ಅಂತ ನಾನೂ ಸುಮ್ಮನಾದೆ. ನಮ್ಮ ಬೀದಿಯ ಕೊನೇಲಿ ಒಬ್ಬ ಬೋರ್ಡು ಕೊರೆಯೋನಿದ್ದಾನೆ, ಅವನಿಗೇ ಕೊಟ್ಟೆ. ಆಗಲೇ ಬಾಗಿಲಿಗೆ ಹಾಕಿಯೂ ಹೋದ. ಮೇಷ್ಟ್ರುಗಳೆಲ್ಲ ಐದಕ್ಕೆ ಮುಂಚೇನೇ ಬಂದು ಅದನ್ನೇ ನೋಡ್ತಾ ನಿಂತಿದ್ದಾರೆ, ಬಲು ಸೊಗಸಾಗಿದೆ!"

"ಮಾವ, ನಾನು ಅದನ್ನ..."

"ಇರಲಿ, ಇರಲಿ. ನಾಚಿಕೆ ಪಟ್ಕೋಬೇಡಿ. ವಿದ್ಯೆಗೆ ವಯಸ್ಸಿಲ್ಲ. ಇವತ್ತು ರಾತ್ರಿ ಊಟಕ್ಕೆ ಇಲ್ಲಿಗೇ ಬನ್ನಿ, ಪಕ್ಕದಲ್ಲಿ ಕೂರಿಸ್ಕೊಂಡು ನಾನೇ ಹೇಳಿಕೊಡ್ತೀನಿ," ಎಂದರು ಮಾವ, ತರಗತಿಯ ಕೊನೆಯ ಬೆಂಚಿನವನಿಗೆ ಹೇಳುವಷ್ಟು ವಾತ್ಸಲ್ಯದಿಂದ. "ಬರುವಾಗ ಒಂದು ನೋಟ್‌ಬುಕ್ ತನ್ನಿ, ಬರ್ಕೊಳ್ಳೋದಕ್ಕೆ."