ಐದು ಲಾರಿಗಳ ಸ್ವಯಂಪ್ರೇರಿತ ಸದಾಚಾರ

ಯಾರಾದರೂ ಗದರಿಸಿದರೆ ಒಳ್ಳೆಯವನಾಗುವುದು ನನಗೆ ಸಲೀಸು. ಹಿರಿಯೂರಿನ ಸರ್ಕಲ್ಲಿನಲ್ಲಿ ಪೊಲೀಸರು ನಿಂತಿದ್ದರೆ ನನ್ನ ಹೆಲ್ಮೆಟ್ಟು ತಲೆಯ ಮೇಲಿರುತ್ತದೆ, ಇಲ್ಲದಿದ್ದರೆ ಬೈಕಿನ ಕನ್ನಡಿಗೆ ನೇತಾಡುತ್ತಿರುತ್ತದೆ. ಡಾಕ್ಟರು ಬೈದರೆ ಒಂದೆರಡು ದಿನ ಸಕ್ಕರೆ ಬಿಡುತ್ತೇನೆ. ಹೆಂಡತಿ ಗಿರಿಜಾ ಕಣ್ಣು ದೊಡ್ಡದು ಮಾಡಿದರೆ ಹಾಸಿಗೆಯ ಮೇಲೆ ಎಸೆದ ಒದ್ದೆ ಟವೆಲ್ಲು ತಾನಾಗಿ ಹಗ್ಗಕ್ಕೆ ಹೋಗುತ್ತದೆ. ಹೀಗೆ ಸರ್ಕಾರ, ಸಂಸಾರ, ಸಕ್ಕರೆ ಕಾಯಿಲೆ ಮೂರೂ ಸೇರಿ ಹಿಂದಿನಿಂದ ತಳ್ಳಿಕೊಂಡು ಬಂದಿದ್ದರಿಂದ ನಾನು ಇಲ್ಲಿಯವರೆಗೆ ಹೇಗೋ ಮರ್ಯಾದಸ್ಥನಾಗಿ ಉಳಿದಿದ್ದೇನೆ. ಆದರೆ ಯಾರೂ ಹೇಳದೆ, ಯಾರೂ ಹಿಡಿಯದೆ, ದಂಡದ ಭಯವಿಲ್ಲದೆ, ನೀನಾಗಿಯೇ ಒಳ್ಳೆಯವನಾಗಪ್ಪ ಎಂದರೆ ಮಾತ್ರ ನನಗೆ ಕೈಕಾಲು ಆಡುವುದಿಲ್ಲ. ಅಂಥದೊಂದು ಸಂಕಟ ಹೋದ ವರ್ಷ ನನ್ನನ್ನು ಹುಡುಕಿಕೊಂಡು ಬಂತು.

ನನಗೆ ಐದು ಲಾರಿಗಳಿವೆ. ಹೊಸದುರ್ಗದ ಕಡೆಯ ಕೊಬ್ಬರಿ, ಧರ್ಮಪುರದ ಕಡೆಯ ಶೇಂಗಾ, ನಮ್ಮ ಹಿರಿಯೂರಿನ ಈರುಳ್ಳಿ, ಯಾವುದು ಸಿಕ್ಕರೆ ಅದನ್ನು ಸಾಗಿಸುತ್ತೇವೆ. ಲಾರಿ ಮಾಲೀಕನೆಂದರೆ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತವನು ಎಂದು ಜನ ತಿಳಿದಿದ್ದಾರೆ. ಕುಳಿತಿರುವುದು ನಿಜ, ನೆಮ್ಮದಿಯಾಗಿ ಅಲ್ಲ. ಲಾರಿ ಗೇಟು ದಾಟಿತೆಂದರೆ ಅದರ ಚಕ್ರಗಳು ನನ್ನ ತಲೆಯೊಳಗೆ ತಿರುಗತೊಡಗುತ್ತವೆ. ಎಲ್ಲಿ ಪಂಕ್ಚರಾಯಿತೋ, ಎಲ್ಲಿ ಎಮ್ಮೆ ಅಡ್ಡ ಬಂತೋ, ಯಾವ ಡಾಬಾದಲ್ಲಿ ಡ್ರೈವರ್ ಊಟಕ್ಕೆ ಕುಳಿತು ಮಾತಿಗೆ ಬಿದ್ದನೋ. ಅದಕ್ಕೇ ಆಗಾಗ ಫೋನು ಮಾಡಿ "ಎಲ್ಲಿದೀಯಪ್ಪ" ಎಂದು ವಿಚಾರಿಸುತ್ತೇನೆ. ಅವನು ಸಿರಾ ಎನ್ನುತ್ತಾನೆ, ನಾನು ಹುಷಾರು ಎನ್ನುತ್ತೇನೆ. ನಾನು ಹುಷಾರು ಎನ್ನದಿದ್ದರೆ ಲಾರಿ ಮುಂದಕ್ಕೆ ಹೋಗುವುದಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು.

ಸಂಕಟ ತಂದವನು ಗಿರಿಜಾಳ ತಮ್ಮ ಮಂಜಣ್ಣ. ಹೊಳಲ್ಕೆರೆಯಲ್ಲಿ ಮೂರು ಲಾರಿ ಇಟ್ಟುಕೊಂಡಿದ್ದಾನೆ. ರಾಮಗಿರಿಯಲ್ಲಿ ನೆಂಟರ ಮಗುವಿನ ನಾಮಕರಣ. ಊಟಕ್ಕೆ ನನ್ನ ಪಕ್ಕದಲ್ಲೇ ಕುಳಿತು, ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತಾ, "ಭಾವ, ನಮ್ಮ ಗಾಡಿಗಳಿಗೆ ಮಾನ್ಯತೆ ಆತು" ಎಂದ. ಎಂಥ ಮಾನ್ಯತೆ ಎಂದೆ. ಸಾಗಣೆದಾರರ ಸಂಸ್ಥೆಯೊಂದಿದೆಯಂತೆ. ಇದು ಪರ್ಮಿಟ್ಟಲ್ಲ, ಆರ್‌ಟಿಓ ಕೊಡುವ ಎಫ್‌ಸಿಯಲ್ಲ, ಸರ್ಕಾರದ ಹುಕುಮೂ ಅಲ್ಲ. ನಾವಾಗಿಯೇ ಅವರ ಬಳಿ ಹೋಗಿ, ನಮ್ಮನ್ನು ಪರೀಕ್ಷೆ ಮಾಡಿ ಎಂದು ಕೇಳಿಕೊಳ್ಳಬೇಕು. ಅವರು ಬಂದು ಗಾಡಿ ನೆಟ್ಟಗಿದೆಯೇ, ಲೋಡು ಮಿತಿಯಲ್ಲಿದೆಯೇ, ಡ್ರೈವರಿಗೆ ನಿದ್ದೆ ಸಿಗುತ್ತಿದೆಯೇ ಎಂದೆಲ್ಲ ನೋಡಿ, ಸರಿಯಿದ್ದರೆ ಒಂದು ಪ್ರಮಾಣಪತ್ರ, ಗಾಡಿಗೊಂದು ದುಂಡನೆಯ ಹಸಿರು ಸ್ಟಿಕ್ಕರು ಕೊಡುತ್ತಾರಂತೆ. ನನಗೆ ನಗು ತಡೆಯಲಾಗಲಿಲ್ಲ. "ಯಾರೂ ಕರೀದೆ ನಾವೇ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಸ್ವಾಮಿ, ನಮ್ಮನ್ನ ಒಂದಿಷ್ಟು ವಿಚಾರಿಸ್ರಿ ಅಂದಂಗಾತಲ್ಲೋ" ಎಂದೆ. ಮಂಜಣ್ಣ ನಗಲಿಲ್ಲ. "ತುಮಕೂರಿನ ಗೋದಾಮಿನೋರು ಇನ್ನು ಮ್ಯಾಲೆ ಸ್ಟಿಕ್ಕರ್ ಇರೋ ಗಾಡಿಗೇ ಲೋಡು ಅಂತವ್ರೆ ಭಾವ" ಎಂದ. ನನ್ನ ಲಾರಿಗಳಿಗೆ ಅರ್ಧ ಕೆಲಸ ಬರುವುದೇ ಆ ಗೋದಾಮಿನಿಂದ. ಇನ್ನೊಂದು ಹೋಳಿಗೆ ತಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಗಿರಿಜಾ, "ನಮ್ಮ ಮಂಜ ಚಿಕ್ಕೋನಾದ್ರೂ ಮುಂದೆ ಹೋಗವ್ನೆ ನೋಡ್ರಿ" ಎಂದು ಬೇರೆ ಬೇರೆ ರಾಗದಲ್ಲಿ ಹೇಳಿದಳು. ಮರುದಿನ ಬೆಳಿಗ್ಗೆಯೇ ಅರ್ಜಿ ಹಾಕಿದೆ. ನಮ್ಮ ಮನೆಯಲ್ಲಿ ಸ್ವಯಂಪ್ರೇರಣೆ ಬರುವುದು ಹೀಗೆಯೇ.

ಡ್ರೈವರುಗಳನ್ನೆಲ್ಲ ಶೆಡ್ಡಿನ ಮುಂದಿನ ಬೇವಿನ ಮರದಡಿ ಕೂರಿಸಿ ಮೀಟಿಂಗು ಮಾಡಿದೆ. ಅವರಲ್ಲಿ ಹಿರಿಯ ತಿಪ್ಪೇಸ್ವಾಮಿ. ಧರ್ಮಪುರದವನು, ನನಗಿಂತ ಮುಂಚೆಯೇ ಲಾರಿ ಹತ್ತಿದವನು, ಅವನು ಒಪ್ಪಿದರೆ ಉಳಿದವರೂ ಒಪ್ಪಿದಂತೆ. "ತಪ್ಪಿದ್ರೆ ಯಾರು ಹಿಡೀತಾರೆ ಸಾವ್ಕಾರ್ರೆ?" ಎಂದು ಕೇಳಿದ. ಯಾರೂ ಹಿಡಿಯುವುದಿಲ್ಲ ಎಂದೆ. "ದಂಡ?" ಇಲ್ಲ ಎಂದೆ. "ಮತ್ಯಾಕ್ರಿ ಮಾಡಾದು?" ಎಂದ. ಹೆಚ್ಚುಕಡಿಮೆ ಇದನ್ನೇ ನಾನೂ ಮಂಜಣ್ಣನಿಗೆ ಹೇಳಿ ನಕ್ಕಿದ್ದೆನಾದ್ದರಿಂದ ಕೋಪ ಬಂತು. ಎದ್ದು ನಿಂತು ಭಾಷಣವನ್ನೇ ಮಾಡಿದೆ. ಜೀವ ದೊಡ್ಡದು, ಮನೆಯಲ್ಲಿ ಹೆಂಡತಿ ಮಕ್ಕಳು ಕಾಯುತ್ತಿರುತ್ತಾರೆ ಎಂದೆಲ್ಲ ಹೇಳಿ ನನಗೇ ಕಣ್ಣು ತುಂಬಿ ಬಂತು. ಆ ಹುಮ್ಮಸ್ಸಿನಲ್ಲಿಯೇ ದೊಡ್ಡ ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ನಿಯಮಗಳನ್ನು ಬರೆದು ಆಫೀಸಿನ ಗೋಡೆಗೆ ತಗುಲಿಹಾಕಿದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ತಿಪ್ಪೇಸ್ವಾಮಿಯೂ ಹೇಳಿದ.

ಆಮೇಲೆ ಸಾಮಾನು ಬಂದವು. ಗಾಡಿ ಕೆಟ್ಟು ನಿಂತಾಗ ಹಿಂದೆ ಇಡಲು ಬೆಳಕಿಗೆ ಮಿಂಚುವ ಕೆಂಪು ತ್ರಿಕೋನ, ಬೆಂಕಿ ಆರಿಸುವ ಸಿಲಿಂಡರು, ಔಷಧಿ ಪೆಟ್ಟಿಗೆ. ನಮ್ಮಲ್ಲಿ ಹೊಸ ಸಾಮಾನು ಪೂಜೆಯಾಗದೆ ಗಾಡಿ ಹತ್ತುವಂತಿಲ್ಲ. ಶುಕ್ರವಾರ ಪೂಜೆಯಾಯಿತು. ತಿಪ್ಪೇಸ್ವಾಮಿ ಐದೂ ತ್ರಿಕೋನಗಳಿಗೆ ಅಗಲವಾಗಿ ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟು, ಮೇಲೆ ಅರಿಸಿನ ಸವರಿದ್ದ. ನೋಡಿದರೆ ಕೈ ಮುಗಿಯಬೇಕೆನಿಸುತ್ತಿತ್ತು, ಆದರೆ ಎಷ್ಟು ಬೆಳಕು ಬಿಟ್ಟರೂ ಮಿಂಚುತ್ತಿರಲಿಲ್ಲ. ಅದನ್ನು ಒರೆಸು ಎಂದರೆ "ದೇವ್ರಿಗೆ ಹಚ್ಚಿದ್ದು ಹೆಂಗ್ರಿ ಒರೆಸಾದು" ಎಂದು ಕೈ ಹಿಂದೆ ಕಟ್ಟಿ ನಿಂತ. ಕೊನೆಗೆ ಗಿರಿಜಾ ಬಂದು, ತೀರ್ಥ ಪ್ರೋಕ್ಷಣೆ ಎಂದು ಒಂದು ಕೊಡ ನೀರು ಸುರಿದಳು. ಸಿಲಿಂಡರುಗಳ ಕಥೆ ಇನ್ನೊಂದು. ಧೂಳು ಹಿಡಿಯಬಾರದೆಂದು ಅವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹುರಿಯಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದರು. ಅಭ್ಯಾಸಕ್ಕೆಂದು ಅಂಗಳದಲ್ಲಿ ಒಣಗಿದ ಸೋಗೆಗೆ ಬೆಂಕಿ ಹಚ್ಚಿ "ಆರಿಸ್ರಪ್ಪ" ಎಂದೆ. ಗಂಟು ಬಿಚ್ಚುವಷ್ಟರಲ್ಲಿ ಬೆಂಕಿ ಬೇಸರಪಟ್ಟು ತಾನೇ ಆರಿತು.

ಇಷ್ಟಾದರೂ ಒಂದು ವಿಷಯದಲ್ಲಿ ನನ್ನ ಬುದ್ಧಿವಂತಿಕೆಯನ್ನು ಹೇಳಿಕೊಳ್ಳಲೇಬೇಕು. ದಿನಾ ಹೊರಡುವ ಮುಂಚೆ ಗಾಡಿ ಪೂರ್ತಿ ಪರೀಕ್ಷಿಸಬೇಕೆಂದು ನಿಯಮ. ಯಾರೂ ಮಾಡುತ್ತಿರಲಿಲ್ಲ. ಆದರೆ ಪ್ರತಿಯೊಬ್ಬನೂ ಊದಿನಕಡ್ಡಿ ಹಿಡಿದು ಗಾಡಿಗೆ ಒಂದು ಸುತ್ತು ಹಾಕಿ, ಒಂದೊಂದು ಚಕ್ರಕ್ಕೂ ಬೆಳಗುವುದನ್ನು ತಪ್ಪಿಸುತ್ತಿರಲಿಲ್ಲ. ಬೆಳಗುವಾಗ ಟೈರನ್ನು ಒಮ್ಮೆ ಬಡಿದು ನೋಡ್ರಿ, ನಟ್ಟು ಮುಟ್ಟಿ ನಮಸ್ಕಾರ ಮಾಡ್ರಿ, ಲೈಟಿಗೆ ಕುಂಕುಮ ಇಡೋ ಬದಲು ಒಮ್ಮೆ ಹಚ್ಚಿ ನೋಡ್ರಿ ಎಂದೆ. ಭಕ್ತಿಯೂ ಉಳಿಯಿತು, ಪರೀಕ್ಷೆಯೂ ಆಯಿತು. ಆ ದಿನ ನಾನು ಎರಡು ಕಪ್ ಕಾಫಿ ಕುಡಿದೆ, ಸಕ್ಕರೆ ಹಾಕಿಸಿಕೊಂಡೇ.

ಸಂಸ್ಥೆಯಿಂದ ಪರೀಕ್ಷೆಗೆ ಬಂದವರು ಒಬ್ಬ ಮೇಡಂ. ಬೂಟು ಹಾಕಿಕೊಂಡು, ಸೀರೆಯ ಸೆರಗು ಸಿಕ್ಕಿಸಿಕೊಂಡು, ಸೀದಾ ಲಾರಿಯ ಕೆಳಗೇ ನುಗ್ಗಿದರು. ಹೊರಬಂದಾಗ ಮೂಗಿಗೆ ಗ್ರೀಸು ಹತ್ತಿತ್ತು. ಗಿರಿಜಾ ಟವೆಲ್ಲು, ಮಜ್ಜಿಗೆ ತಂದುಕೊಟ್ಟಳು. ಮಾತಿಗೆ ಮಾತು ಬಂದು ಅವರ ತವರು ಹೊಸದುರ್ಗದ ಹತ್ತಿರದ ಬಾಗೂರು ಎಂದು ತಿಳಿಯಿತು. ನಮ್ಮ ಕಡೆಯವರೇ ಎಂದು ನನ್ನ ಎದೆ ಹಗುರಾಯಿತು. ನಾಲ್ಕು ಗಾಡಿಗಳನ್ನು ನೋಡಿ, ಡ್ರೈವರುಗಳನ್ನು ಮಾತಾಡಿಸಿ, ಊದಿನಕಡ್ಡಿಯ ಪದ್ಧತಿ ಕೇಳಿ ಬಾಯಿ ತುಂಬ ನಕ್ಕು, "ಇದು ಚಲೋ ಐತಲ್ರಿ, ಬೇರೆ ಕಡೇನೂ ಹೇಳ್ತೀನಿ" ಎಂದರು. ನಾನು ಮನಸ್ಸಿನಲ್ಲೇ ಮಂಜಣ್ಣನಿಗೆ ಫೋನು ಮಾಡಿ ಮುಗಿಸಿದ್ದೆ.

ಆಫೀಸಿನೊಳಗೆ ಕುಳಿತ ಮೇಲೆ ಮೇಡಂ ಸುಮ್ಮನೆ, "ಐದನೇ ಗಾಡಿ ಎಲ್ಲೈತೆ?" ಎಂದರು. ಅದು ತಿಪ್ಪೇಸ್ವಾಮಿಯ ಗಾಡಿ, ಹೊಸದುರ್ಗದಿಂದ ಕೊಬ್ಬರಿ ತುಂಬಿಕೊಂಡು ಬರುತ್ತಿತ್ತು. "ಒಂದು ನಿಮಿಷ ಮೇಡಂ" ಎಂದು ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬಂದವರ ಮುಂದೆ ಮರ್ಯಾದೆ ಹೋಗುತ್ತಿದೆಯಲ್ಲ ಎಂದು ಬಿಡದೆ ಮಾಡಿದೆ. ಕಿವಿ ಬಿಸಿಯಾಯಿತು. ಫೋನನ್ನು ಮೇಜಿನ ಮೇಲೆ ಕುಕ್ಕಿ, "ನೋಡ್ರಿ ಮೇಡಂ, ಎಷ್ಟು ತಲೆ ಚಚ್ಚಿಕೊಂಡ್ರೂ ಇವ್ರಿಗೆ ಜವಾಬ್ದಾರಿ ಬರಲ್ಲ. ಓನರ್ ಫೋನ್ ಮಾಡಿದ್ರೂ ಎತ್ತಲ್ಲ ಅಂದ್ರೆ ಇವ್ರ ಸೊಕ್ಕು ಎಷ್ಟಿರಬೇಕು" ಎಂದೆ.

ಮೇಡಂ ಕಣ್ಣು ನನ್ನ ತಲೆಯ ಮೇಲಿನ ಗೋಡೆಗೆ ಹೋಗಿತ್ತು. ನಾನೂ ತಿರುಗಿ ನೋಡಿದೆ. ನನ್ನದೇ ದುಂಡನೆಯ ಅಕ್ಷರ, ನನ್ನದೇ ಕೆಂಪು ಬಣ್ಣ. ಚಕ್ರ ತಿರುಗುವಾಗ ಫೋನ್ ಎತ್ತಬಾರದು. ಯಾರೇ ಮಾಡಿದರೂ. ಆ "ಯಾರೇ" ಎಂಬುದರ ಕೆಳಗೆ ಎರಡು ಗೆರೆ ಎಳೆದವನೂ ನಾನೇ. ಅಷ್ಟರಲ್ಲಿ ಗೇಟಿನಲ್ಲಿ ಹಾರನ್ ಆಯಿತು. ತಿಪ್ಪೇಸ್ವಾಮಿ ಇಳಿದು ಬಂದವನೇ ಎದೆಯುಬ್ಬಿಸಿ, "ಬಿಡದಂಗೆ ಮಾಡ್ತಿದ್ರಲ್ಲ ಸಾವ್ಕಾರ್ರೆ, ಪರೀಕ್ಷೆ ಮಾಡ್ತವ್ರೆ ಅಂದ್ಕಂಡೆ. ಮುಟ್ಟಲೇ ಇಲ್ಲ ನೋಡ್ರಿ" ಎಂದ. ಮೇಡಂ ಅವನ ಗಾಡಿಯನ್ನೂ ಪರೀಕ್ಷಿಸಿ, ಆಮೇಲೆ ಎಲ್ಲರ ಫೋನುಗಳನ್ನೂ ತರಿಸಿ ನೋಡಿದರು. ಹೆಂಡತಿಯರದು ಅಪರೂಪಕ್ಕೊಂದು, ಉಳಿದ ಕರೆಗಳೆಲ್ಲ ನನ್ನವೇ.

"ನಿಮ್ಮ ಗಾಡಿಗಳು ಪಾಸು. ಡ್ರೈವರುಗಳೂ ಪಾಸು" ಎಂದರು ಮೇಡಂ ಎದ್ದು ನಿಂತು. "ಓನರ್ದೊಂದು ಸ್ವಲ್ಪ ರಿಪೇರಿ ಐತ್ರಿ. ಒಂದು ತಿಂಗಳು ದಾರೀಲಿರೋ ಡ್ರೈವರಿಗೆ ನೀವು ಫೋನ್ ಮಾಡಂಗಿಲ್ಲ. ಅವ್ರು ಗಾಡಿ ನಿಲ್ಲಿಸಿದಾಗ ಅವ್ರೇ ಮಾಡ್ತಾರೆ. ಮತ್ತೆ ಬಂದು ನೋಡಿ ಪತ್ರ ಕೊಡ್ತೀನಿ." ಗೋದಾಮಿನ ಲೋಡು, ಮಂಜಣ್ಣನ ಮುಂದಿನ ಮಾನ, ಐದು ಸಂಸಾರಗಳ ಅನ್ನ, ಎಲ್ಲವೂ ಬಂದು ನನ್ನ ಒಂದು ಹೆಬ್ಬೆರಳಿನ ಮೇಲೆ ಕುಳಿತವು.

ಆ ತಿಂಗಳನ್ನು ಹೇಗೆ ಕಳೆದೆನೋ ದೇವರೇ ಬಲ್ಲ. ತಿಪ್ಪೇಸ್ವಾಮಿ ದಿನಾ ಹೊರಡುವಾಗ "ಹುಷಾರು ಸಾವ್ಕಾರ್ರೆ" ಎಂದು ನನಗೇ ಹೇಳಿ ಹೋಗುತ್ತಿದ್ದ. ನಾನು ಊರಾಚೆಯ ಬೆಟ್ಟದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಾ ಕೂರುತ್ತಿದ್ದೆ. ಆಶ್ಚರ್ಯವೆಂದರೆ, ನಾನು ಹುಷಾರು ಎನ್ನದಿದ್ದರೂ ಲಾರಿಗಳು ಹೋದವು, ಬಂದವು. ಕೆಲವು ಮೊದಲಿಗಿಂತ ಬೇಗ ಬಂದವು. ಸಂತೋಷಪಡಬೇಕಾದ ವಿಷಯ, ಆದರೂ ಸ್ವಲ್ಪ ಅವಮಾನವಾಯಿತು. ಕೈ ಸುಮ್ಮನಿರದೆ ಆಫೀಸಿನ ಹಿಂದೆಯೇ ಇರುವ ನಮ್ಮ ಅಡಿಗೆಮನೆಗೆ, ಗಿರಿಜಾಳಿಗೆ, ಫೋನು ಮಾಡತೊಡಗಿದೆ. ಮುದ್ದೆಗೆ ಎಸರಿಟ್ಟೆಯಾ, ಸಾರು ಎಲ್ಲಿಗೆ ಬಂತು, ಒಗ್ಗರಣೆ ಹುಷಾರು.

ಮೇಡಂ ಹೇಳಿದಂತೆಯೇ ಬಂದರು, ಫೋನುಗಳನ್ನು ನೋಡಿದರು, ಪ್ರಮಾಣಪತ್ರ ಕೊಟ್ಟರು. ತಿಪ್ಪೇಸ್ವಾಮಿ ಮೊದಲ ಸ್ಟಿಕ್ಕರನ್ನು ತನ್ನ ಗಾಡಿಗೆ ಅಂಟಿಸಿ, ವಿಭೂತಿ ಹಚ್ಚಲು ಹೋಗಿ, ನನ್ನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ. ಅವನನ್ನು ತಬ್ಬಿಕೊಂಡೆ. ಅಷ್ಟು ಖುಷಿಯಾಗಿತ್ತು. ಮೇಡಂ ಹೊರಟ ಮೇಲೆ ಪತ್ರ ಹಿಡಿದು ಅಡಿಗೆಮನೆಗೆ ಓಡಿ, "ನೋಡೇ, ಯಾರ ಬಲವಂತವೂ ಇಲ್ಲದೆ ತಗೊಂಡಿದ್ದು" ಎಂದೆ.

ಗಿರಿಜಾ ಹಿಟ್ಟಿನ ಕೈ ಒರೆಸಿಕೊಂಡು ಪತ್ರವನ್ನು ಪೂರ್ತಿ ಓದಿ, ಹಣೆಗೊತ್ತಿಕೊಂಡು ನನಗೆ ಕೊಟ್ಟಳು. ಆಮೇಲೆ ಒಲೆಯ ಪಕ್ಕದ ತನ್ನ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದಳು. ಆ ಬೆಳಗಿನಿಂದ ನಾನು ಮಾಡಿದ ಕರೆಗಳು ಮೇಲಿಂದ ಕೆಳಗಿನವರೆಗೆ ಇದ್ದವು.

"ಆ ಮೇಡಂನ ಕೂಗ್ರಿ, ಇನ್ನೂ ಸರ್ಕಲ್ ದಾಟಿರಾಕಿಲ್ಲ" ಎಂದಳು. "ನಮ್ಮ ಅಡಿಗೆಮನೆಗೂ ಒಂದು ಮಾನ್ಯತೆ ಬೇಕಾಗೈತೆ. ಇಲ್ಲೂ ಗಾಡಿ, ಡ್ರೈವರ್ ಎರಡೂ ಚೆನ್ನಾಗವೆ. ರಿಪೇರಿ ಮಾತ್ರ ಓನರ್ದೇ."